ಎದ್ದು ನಿಲ್ಲುವುದು, ಎಬ್ಬಿಸಿ ನಿಲ್ಲಿಸುವುದು



ಹಾವೇರಿಯ ರೈಲು ನಿಲ್ದಾಣಕ್ಕೆ ಮೈಲಾರ ಮಹಾದೇವಪ್ಪನವರ ಹೆಸರಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರ ಜೂನ್ 8ರಂದು ಅವರು ಹುಟ್ಟಿದರು. ಅದೇ ವರ್ಷ ಡಿಸೆಂಬರ್ 27ರಂದು ಕಲ್ಕತ್ತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ರವೀಂದ್ರನಾಥ ಠಾಕೂರರ ‘ಜನಗಣಮನ’ವನ್ನು ಮೊದಲ ಬಾರಿಗೆ ಹಾಡಲಾಯಿತು. ಹೀಗೆ ಆ ಮನುಷ್ಯ ಮತ್ತು ಆ ಹಾಡು ಒಂದೇ ವಾರಿಗೆಯವರು. ಆದರೆ ಆ ಹಾಡು ನಮ್ಮ ರಾಷ್ಟ್ರಗೀತೆಯಾದದ್ದು 1950ರ ಜನವರಿ 24ರಂದು. ಮಹಾದೇವಪ್ಪನವರು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದದ್ದು 1943ರ ಏಪ್ರಿಲ್ 1ರಂದು. ಅಂದರೆ, ಈ ಜಿಲ್ಲೆ ದೇಶಭಕ್ತಿಗೆ ಯಾರ ಹೆಸರನ್ನು ಮೊದಲು ಹೇಳುತ್ತದೆಯೋ ಅವರು ಸ್ವತಂತ್ರ ಭಾರತದ ರಾಷ್ಟ್ರಗೀತೆಗೆ ಒಮ್ಮೆಯೂ ಎದ್ದು ನಿಂತವರಲ್ಲ. ನಿಲ್ಲುವ ಭಾಗ್ಯ ಅವರ ಪಾಲಿಗೆ ಬರಲಿಲ್ಲ.

ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕೆ ಎಂಬ ಪ್ರಶ್ನೆಯನ್ನು ಇಲ್ಲಿಂದ ಆರಂಭಿಸುವುದು ಉಚಿತ. ಏಕೆಂದರೆ ಈಚಿನ ವರ್ಷಗಳಲ್ಲಿ ಈ ಚರ್ಚೆ ಎದ್ದಾಗಲೆಲ್ಲ, ನಿಂತವನು ದೇಶಭಕ್ತ, ಕುಳಿತವನು ದೇಶದ್ರೋಹಿ ಎಂಬ ಸುಲಭದ ಲೆಕ್ಕಕ್ಕೆ ಮಾತು ಬಂದು ನಿಲ್ಲುತ್ತಿದೆ. ಲೆಕ್ಕ ಅಷ್ಟು ಸುಲಭವಾಗಿಲ್ಲ. ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಒಂದು, ನಾವು ಎದ್ದು ನಿಲ್ಲಬೇಕೆ? ಇನ್ನೊಂದು, ಪಕ್ಕದವರನ್ನು ಎಬ್ಬಿಸಿ ನಿಲ್ಲಿಸಬಹುದೆ? ಮೊದಲನೆಯದಕ್ಕೆ ಹೌದು ಎನ್ನುವವರು ಎರಡನೆಯದಕ್ಕೂ ಹೌದು ಎನ್ನಲೇಬೇಕೆಂದಿಲ್ಲ.

ಎದ್ದು ನಿಂತು ಗೌರವ ಸೂಚಿಸುವುದು ನಮ್ಮ ನಾಡಿಗೆ ಹೊಸದೇನಲ್ಲ. ಹಿರಿಯರು ಒಳಗೆ ಬಂದರೆ ಕಟ್ಟೆಯ ಮೇಲೆ ಕುಳಿತ ಹುಡುಗರು ಏಳುತ್ತಾರೆ. ಭಜನೆ, ಪುರಾಣ ಮುಗಿದು ಮಂಗಳಾರತಿ ಬೆಳಗುವಾಗ ಇಡೀ ಸಭೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಅಲ್ಲಿ ಯಾರೂ ಯಾರಿಗೂ ಏಳಿ ಎಂದು ಹೇಳುವುದಿಲ್ಲ. ಮಂಡಿನೋವಿನ ಅಜ್ಜಿ ಗೋಡೆಗೆ ಒರಗಿ ಕುಳಿತಲ್ಲಿಂದಲೇ ಕೈ ಮುಗಿದರೆ ಅವಳ ಭಕ್ತಿಯನ್ನು ಯಾರೂ ಸಂಶಯಿಸುವುದೂ ಇಲ್ಲ.

ಆದರೆ ಒಂದು ರಾಜ್ಯದ ಗೀತೆಗೆ ಸೆಟೆದು ನಿಲ್ಲುವ ಕ್ರಮ ಬೇರೆ ದಾರಿಯಿಂದ ಬಂದದ್ದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಸ್ವಾತಂತ್ರ್ಯಪೂರ್ವದಲ್ಲಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಇಲ್ಲಿ ಸರಕಾರಿ ಗೀತೆಯೆಂದರೆ ಇಂಗ್ಲೆಂಡಿನ ದೊರೆಯನ್ನು ದೇವರು ಕಾಪಾಡಲಿ ಎಂಬ ಇಂಗ್ಲಿಷ್ ಗೀತೆ. ಕುಮಾರಪಟ್ಟಣದ ಬಳಿ ತುಂಗಭದ್ರೆಯನ್ನು ದಾಟಿದರೆ ಹರಿಹರ. ಅದು ಮೈಸೂರು ಸಂಸ್ಥಾನ. ಅಲ್ಲಿ ಬಸವಪ್ಪ ಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀಗೌರಿ’ ಮಹಾರಾಜರ ಸಂಸ್ಥಾನದ ಗೀತೆ. ಒಂದೇ ಹೊಳೆಯ ನೀರು ಕುಡಿಯುವ, ಒಂದೇ ಭಾಷೆಯಾಡುವ ಜನ ಈ ದಡದಲ್ಲಿ ಒಬ್ಬ ದೊರೆಗೆ, ಆ ದಡದಲ್ಲಿ ಇನ್ನೊಬ್ಬ ದೊರೆಗೆ ಎದ್ದು ನಿಲ್ಲಬೇಕಾಗಿತ್ತು. ಆ ನಿಲುವು ಪ್ರಜೆಯು ಪ್ರಭುವಿಗೆ ಸಲ್ಲಿಸುವ ನಿಷ್ಠೆಯಾಗಿತ್ತು. ಪೌರನು ತನ್ನದೇ ದೇಶಕ್ಕೆ ಸಲ್ಲಿಸುವ ಗೌರವ ಎಂಬ ಅರ್ಥ ಅದಕ್ಕೆ ಬಂದದ್ದು ಆಮೇಲೆ. ಆ ಅರ್ಥವನ್ನು ತಂದುಕೊಟ್ಟವರಲ್ಲಿ ಈ ನೆಲದವರೂ ಇದ್ದಾರೆ.

1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಾಂಡಿಗೆ ಹೊರಟಾಗ ಅವರೊಂದಿಗೆ ನಡೆದ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಮಹಾದೇವಪ್ಪನವರೊಬ್ಬರೇ. ಆಗ ಅವರಿಗೆ ಇನ್ನೂ 18 ವರ್ಷ. ಮುಂದೆ ಸೆರೆಮನೆ, ಹಳ್ಳಿಗಳಲ್ಲಿ ಖಾದಿಯ ಕೆಲಸ. ಪತ್ನಿ ಸಿದ್ದಮ್ಮನವರೂ ಸೆರೆಮನೆ ಕಂಡರು. 1942ರ ಚಳವಳಿಯಲ್ಲಿ ಅವರ ತಂಡ ಈ ಭಾಗದಲ್ಲಿ ಸರಕಾರದ ಆಡಳಿತಕ್ಕೆ ತಡೆಯೊಡ್ಡಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಕಾವಲಿನ ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಮೂವರೂ ಹುತಾತ್ಮರಾದರು. ಇವರಲ್ಲಿ ಯಾರನ್ನೂ ಯಾರೂ ಬಲವಂತದಿಂದ ಎಬ್ಬಿಸಿ ನಿಲ್ಲಿಸಿರಲಿಲ್ಲ. ಆ ಕಾಲದ ಕಾನೂನು ಕುಳಿತುಕೊಳ್ಳಿ ಎನ್ನುತ್ತಿತ್ತು. ಅವರು ಎದ್ದು ನಿಂತರು. ಅವರ ನಿಲುವಿಗೆ ಬೆಲೆ ಬಂದದ್ದು ಅದು ಅವರದೇ ಆಗಿತ್ತೆಂಬ ಕಾರಣದಿಂದ.

ಸ್ವತಂತ್ರ ಭಾರತದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? ಇದರ ಬಗ್ಗೆ ಹಲವು ತಪ್ಪು ಕಲ್ಪನೆಗಳಿವೆ. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ ಕಾಯಿದೆ 1971ರಲ್ಲಿ ಬಂದಿತು. ಅದರ 3ನೆಯ ಕಲಮಿನ ಪ್ರಕಾರ, ಉದ್ದೇಶಪೂರ್ವಕವಾಗಿ ರಾಷ್ಟ್ರಗೀತೆ ಹಾಡುವುದನ್ನು ತಡೆಯುವುದು ಅಥವಾ ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವುದು ಅಪರಾಧ. ಅದಕ್ಕೆ 3 ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಎದ್ದು ನಿಲ್ಲದೆ ಸುಮ್ಮನೆ ಕುಳಿತಿರುವುದು ಅಪರಾಧ ಎಂಬ ಮಾತು ಆ ಕಲಮಿನಲ್ಲಿ ಇಲ್ಲ.

1976ರ 42ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 51ಎ ವಿಧಿಯು ರಾಷ್ಟ್ರಧ್ವಜ ಮತ್ತು ರಾಷ್ಟ್ರಗೀತೆಗಳನ್ನು ಗೌರವಿಸುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ ಎನ್ನುತ್ತದೆ. ಅದು ಕರ್ತವ್ಯವನ್ನು ಹೇಳುತ್ತದೆಯೇ ಹೊರತು ಶಿಕ್ಷೆಯನ್ನು ಹೇಳುವುದಿಲ್ಲ. ಇನ್ನು, ಎದ್ದು ನಿಲ್ಲಬೇಕೆಂಬ ಮಾತು ಸ್ಪಷ್ಟವಾಗಿ ಇರುವುದು ಕೇಂದ್ರ ಗೃಹ ಸಚಿವಾಲಯದ ಸೂಚನೆಗಳಲ್ಲಿ. ರಾಷ್ಟ್ರಗೀತೆಯನ್ನು ಹಾಡುವಾಗ ಅಥವಾ ನುಡಿಸುವಾಗ ಸಭಿಕರು ಸಾವಧಾನವಾಗಿ ನಿಲ್ಲಬೇಕು ಎಂದು ಅವು ಹೇಳುತ್ತವೆ. ಪೂರ್ಣ ಗೀತೆಗೆ ಸುಮಾರು 52 ಸೆಕೆಂಡುಗಳ ಅವಧಿಯನ್ನೂ ಅವೇ ಗೊತ್ತುಪಡಿಸಿವೆ.

ಅದೇ ಸೂಚನೆಗಳಲ್ಲಿ ಹೆಚ್ಚಿನವರು ಓದದ ಎರಡು ಮಾತುಗಳಿವೆ. ವಾರ್ತಾಚಿತ್ರ ಅಥವಾ ಸಾಕ್ಷ್ಯಚಿತ್ರದ ನಡುವೆ ಅದರ ಭಾಗವಾಗಿ ರಾಷ್ಟ್ರಗೀತೆ ಬಂದರೆ ಪ್ರೇಕ್ಷಕರು ಏಳಬೇಕೆಂದು ನಿರೀಕ್ಷಿಸುವುದಿಲ್ಲ ಎಂಬುದು ಒಂದು. ಹಾಗೆ ಎದ್ದರೆ ಗೀತೆಯ ಘನತೆ ಹೆಚ್ಚುವುದಕ್ಕಿಂತ ಗೊಂದಲವೇ ಹೆಚ್ಚಾಗುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಕಂಡಕಂಡಲ್ಲಿ ಗೀತೆಯನ್ನು ಹಾಡದಿರುವುದನ್ನು ಜನರ ವಿವೇಕಕ್ಕೆ ಬಿಡಲಾಗಿದೆ ಎಂಬುದು ಇನ್ನೊಂದು. ಸೂಚನೆ ಬರೆದವರಿಗೆ ಗೌರವವೂ ಬೇಕಾಗಿತ್ತು, ಜನರ ವಿವೇಕದ ಮೇಲೆ ನಂಬಿಕೆಯೂ ಇತ್ತು.

ಈ ನಂಬಿಕೆ ಪರೀಕ್ಷೆಗೆ ಒಳಗಾದದ್ದು ಹೆಚ್ಚಾಗಿ ಸಿನಿಮಾ ಮಂದಿರಗಳಲ್ಲಿ. 1962ರ ಚೀನಾ ಯುದ್ಧದ ನಂತರ ಚಿತ್ರ ಮುಗಿದ ಮೇಲೆ ಪರದೆಯ ಮೇಲೆ ಧ್ವಜ ತೋರಿಸಿ ರಾಷ್ಟ್ರಗೀತೆ ನುಡಿಸುವ ಪದ್ಧತಿ ದೇಶದಲ್ಲಿ ಬೆಳೆಯಿತು. ರಾಣೆಬೆನ್ನೂರು, ಹಾವೇರಿಗಳ ಟಾಕೀಸುಗಳಲ್ಲಿ ಆ ಕಾಲದ ಸಿನಿಮಾ ನೋಡಿದ ಹಿರಿಯರಿಗೆ ಇದು ನೆನಪಿದ್ದೀತು. ಚಿತ್ರ ಮುಗಿಯುತ್ತಲೇ ಜನ ಬಾಗಿಲ ಕಡೆ ನುಗ್ಗುತ್ತಿದ್ದರು. ಗೌರವಕ್ಕೆಂದು ಬಂದ ಪದ್ಧತಿ ಅಗೌರವಕ್ಕೆ ಎಡೆಯಾಯಿತೆಂದು ಕ್ರಮೇಣ ಅದು ನಿಂತುಹೋಯಿತು. ಹಾಗೆ ಹೊರಟವರೆಲ್ಲ ದೇಶದ ಮೇಲೆ ಪ್ರೀತಿಯಿಲ್ಲದವರಾಗಿರಲಿಲ್ಲ. ಅವರಿಗೆ ಕೊನೆಯ ಬಸ್ಸು ಹಿಡಿಯಬೇಕಾಗಿತ್ತು.

2016ರ ನವೆಂಬರ್ 30ರಂದು ಶ್ಯಾಮ ನಾರಾಯಣ ಚೌಕ್ಸಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಒಂದು ಮಧ್ಯಂತರ ಆದೇಶ ನೀಡಿತು. ದೇಶದ ಎಲ್ಲ ಚಿತ್ರಮಂದಿರಗಳಲ್ಲಿ ಚಿತ್ರಕ್ಕೆ ಮೊದಲು ರಾಷ್ಟ್ರಗೀತೆ ನುಡಿಸಬೇಕು, ಇದ್ದವರೆಲ್ಲ ಎದ್ದು ನಿಲ್ಲಬೇಕು, ಆಗ ಬಾಗಿಲುಗಳು ಮುಚ್ಚಿರಬೇಕು ಎಂದಿತು. ಕೆಲವೇ ದಿನಗಳಲ್ಲಿ ಅಂಗವಿಕಲರಿಗೆ ವಿನಾಯಿತಿ ಕೊಡಬೇಕಾಯಿತು; ಬಾಗಿಲು ಮುಚ್ಚುವುದೆಂದರೆ ಚಿಲಕ ಹಾಕುವುದಲ್ಲ ಎಂದು ವಿವರಿಸಬೇಕಾಯಿತು. 2017ರ ಅಕ್ಟೋಬರಿನ ವಿಚಾರಣೆಯಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರು, ಸಿನಿಮಾ ಮಂದಿರದಲ್ಲಿ ನಿಂತು ದೇಶಪ್ರೇಮವನ್ನು ಸಾಬೀತುಪಡಿಸುವ ಅಗತ್ಯವಿಲ್ಲ ಎಂಬ ಅರ್ಥದ ಮಾತಾಡಿದರು. 2018ರ ಜನವರಿ 9ರಂದು ನ್ಯಾಯಾಲಯ ತನ್ನ ಆದೇಶವನ್ನು ಮಾರ್ಪಡಿಸಿತು. ಚಿತ್ರಮಂದಿರಗಳಲ್ಲಿ ಗೀತೆ ನುಡಿಸುವುದು ಕಡ್ಡಾಯವಲ್ಲ, ಐಚ್ಛಿಕ ಎಂದಿತು. ಆದರೆ ಗೀತೆ ನುಡಿದಾಗ ಅದಕ್ಕೆ ತಕ್ಕ ಗೌರವ ತೋರಿಸುವ ಹೊಣೆ ಎಲ್ಲರದು ಎಂಬುದನ್ನು ಉಳಿಸಿಕೊಂಡಿತು. ಇಂದಿಗೂ ಕಾನೂನಿನ ನೆಲೆ ಹೆಚ್ಚುಕಡಿಮೆ ಇಷ್ಟೇ.

ಇದಕ್ಕೂ ಮೂರು ದಶಕ ಹಿಂದಿನ ಇನ್ನೊಂದು ತೀರ್ಪನ್ನು ಇಲ್ಲಿ ನೆನೆಯಬೇಕು. ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳಿದ್ದರು. ರಾಷ್ಟ್ರಗೀತೆಯ ವೇಳೆ ಅವರು ಎಲ್ಲರ ಜೊತೆ ಎದ್ದು ವಿನಯದಿಂದ ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ದೇವರೊಬ್ಬನನ್ನು ಬಿಟ್ಟು ಬೇರೆ ಯಾವುದರ ಸ್ತುತಿಯನ್ನೂ ಅವರ ನಂಬಿಕೆ ಒಪ್ಪುತ್ತಿರಲಿಲ್ಲ. 1985ರ ಜುಲೈಯಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಬಿಜೋ ಇಮ್ಯಾನ್ಯುಯೆಲ್ ಪ್ರಕರಣವೆಂದು ಹೆಸರಾದ ಈ ದಾವೆಯಲ್ಲಿ 1986ರ ಆಗಸ್ಟ್ 11ರಂದು ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿದರು. ಹಾಡಲೇಬೇಕೆಂದು ಯಾವ ಕಾನೂನೂ ಇಲ್ಲ, ಗೌರವದಿಂದ ನಿಂತಿದ್ದರೆ ಸಾಕು ಎಂಬುದು ತೀರ್ಪಿನ ಸಾರ.

ಈ ತೀರ್ಪನ್ನು ಎರಡೂ ಪಕ್ಷದವರು ತಮಗೆ ಬೇಕಾದಂತೆ ಬಳಸುತ್ತಾರೆ. ಎದ್ದು ನಿಲ್ಲದಿದ್ದರೂ ನಡೆಯುತ್ತದೆ ಎಂದು ಅದು ಹೇಳಿಲ್ಲ. ಆ ಮಕ್ಕಳು ನಿಂತೇ ಇದ್ದರು. ಎದ್ದು ನಿಲ್ಲದವರನ್ನು ದಂಡಿಸಿ ಎಂದೂ ಅದು ಹೇಳಿಲ್ಲ. ಅದು ಹೇಳಿದ್ದು ಬೇರೆ. ಗೌರವ ಒಂದೇ ರೂಪದಲ್ಲಿ ಇರಬೇಕಾಗಿಲ್ಲ. ಒಂದು ರೂಪ ಕಾಣದ ಮಾತ್ರಕ್ಕೆ ಗೌರವವೇ ಇಲ್ಲವೆಂದು ತೀರ್ಮಾನಿಸಬಾರದು.

ಚಿನ್ನಪ್ಪ ರೆಡ್ಡಿಯವರು ಆಧಾರಕ್ಕೆ ತೆಗೆದುಕೊಂಡ ತೀರ್ಪುಗಳಲ್ಲಿ ಅಮೆರಿಕದ ಒಂದು ತೀರ್ಪೂ ಇತ್ತು. ಶಾಲೆಯಲ್ಲಿ ಧ್ವಜವಂದನೆ ಮಾಡದ ಅದೇ ಪಂಥದ ಮಕ್ಕಳ ಮೇಲೆ ಬಲವಂತ ಸಲ್ಲದು ಎಂದು ಅಲ್ಲಿನ ಸುಪ್ರೀಂ ಕೋರ್ಟು ಬಾರ್ನೆಟ್ ಪ್ರಕರಣದಲ್ಲಿ ಹೇಳಿತ್ತು. ಆ ತೀರ್ಪಿನ ತಾರೀಖು 1943ರ ಜೂನ್ 14. ಹೊಸರಿತ್ತಿಯ ಗುಂಡೇಟಿಗೆ ಆಗ ಎರಡೂವರೆ ತಿಂಗಳಾಗಿತ್ತು. ಅಮೆರಿಕ ಆಗ ಮಹಾಯುದ್ಧದ ನಡುವೆ ಇತ್ತು. ದೇಶಭಕ್ತಿಯ ಹೆಸರಿನಲ್ಲಿ ಏನನ್ನಾದರೂ ಮಾಡಿಸಬಹುದಾದ ಆ ಹೊತ್ತಿನಲ್ಲೇ, ಮೂರು ವರ್ಷಗಳ ಹಿಂದೆ ತಾನೇ ಕೊಟ್ಟಿದ್ದ ವಿರುದ್ಧ ತೀರ್ಪನ್ನು ಆ ನ್ಯಾಯಾಲಯ ಬದಲಿಸಿತು.

ಎದ್ದು ನಿಲ್ಲಲೇಬೇಕು ಎನ್ನುವವರ ವಾದದಲ್ಲೂ ಹುರುಳಿದೆ. 52 ಸೆಕೆಂಡು ಯಾರಿಗೂ ಭಾರವಲ್ಲ. ಗಡಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿ ಪಕ್ಕದಲ್ಲಿ ನಿಂತಿರುವಾಗ ಕಾಲ ಮೇಲೆ ಕಾಲು ಹಾಕಿ ಕುಳಿತಿರುವುದು ಅವಳ ಮನಸ್ಸನ್ನು ನೋಯಿಸುತ್ತದೆ. ಜಾತಿ, ಮತ, ಪಕ್ಷಗಳಲ್ಲಿ ಹರಿದು ಹಂಚಿಹೋದ ಸಮಾಜಕ್ಕೆ ಎಲ್ಲರೂ ಕೂಡಿ ಮಾಡುವ ಒಂದೆರಡು ಕೆಲಸಗಳಾದರೂ ಬೇಕು. ಇವು ಎದ್ದು ನಿಲ್ಲುವುದಕ್ಕೆ ಒಳ್ಳೆಯ ಕಾರಣಗಳೇ. ಆದರೆ ಪಕ್ಕದವನ ಕೊರಳಪಟ್ಟಿ ಹಿಡಿಯುವುದಕ್ಕೆ ಇವು ಕಾರಣಗಳಾಗಲಾರವು.

ಹಾಗೆ ಹಿಡಿದಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. 2016ರಲ್ಲಿ ಗೋವಾದ ಪಣಜಿಯ ಒಂದು ಚಿತ್ರಮಂದಿರದಲ್ಲಿ ಏಳಲಿಲ್ಲವೆಂದು ಒಬ್ಬ ಪ್ರೇಕ್ಷಕನಿಗೆ ಹಿಂದಿನ ಸಾಲಿನವರು ಹೊಡೆದರು. ಆತ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲೇ ಬದುಕುತ್ತಿದ್ದ ಬರಹಗಾರ. ಅವನ ತಂದೆ ವಾಯುಪಡೆಯಲ್ಲಿದ್ದವರು. ಹೊಡೆದವರಿಗೆ ಕತ್ತಲಲ್ಲಿ ಕಂಡದ್ದು ಏಳದ ತಲೆ ಮಾತ್ರ. 2019ರಲ್ಲಿ ಬೆಂಗಳೂರಿನ ಚಿತ್ರಮಂದಿರದಲ್ಲಿ ಎದ್ದು ನಿಲ್ಲದವರನ್ನು ಉಳಿದವರು ಸುತ್ತುವರಿದು ಬೈದ ದೃಶ್ಯ ಮೊಬೈಲುಗಳಲ್ಲಿ ಊರೆಲ್ಲ ಹರಿದಾಡಿತು. ಗೀತೆ ಮುಗಿದು ಎಷ್ಟೋ ಹೊತ್ತಾದ ಮೇಲೂ ಅಲ್ಲಿ ಜಗಳ ನಡೆದೇ ಇತ್ತು. ಗೀತೆಯ ಘನತೆಯನ್ನು ಕೆಡಿಸಿದವರು ಯಾರು, ಕುಳಿತವರೋ ಕೂಗಾಡಿದವರೋ ಎಂದು ಆ ದೃಶ್ಯ ನೋಡಿದವರು ತಮ್ಮಷ್ಟಕ್ಕೆ ಕೇಳಿಕೊಳ್ಳಬೇಕು.

ನೆರೆಯ ತೆಲಂಗಾಣದಲ್ಲಿ ಬೇರೆ ಪ್ರಯೋಗ ನಡೆಯಿತು. 2017ರಲ್ಲಿ ಜಮ್ಮಿಕುಂಟ, 2021ರಲ್ಲಿ ನಲ್ಗೊಂಡ ಪಟ್ಟಣಗಳಲ್ಲಿ ದಿನವೂ ಬೆಳಿಗ್ಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ನುಡಿಸಿ, ದಾರಿಯಲ್ಲಿದ್ದವರೆಲ್ಲ ಇದ್ದಲ್ಲೇ ನಿಲ್ಲುವ ಕ್ರಮ ಆರಂಭವಾಯಿತು. ಆ ಊರಿನ ಅನೇಕರು ಅದನ್ನು ಸಂತೋಷದಿಂದಲೇ ಪಾಲಿಸಿದರು. ಅದೇ ಕ್ರಮವನ್ನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ತಂದರೆ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಿ. ಸುಗ್ಗಿಯ ದಿನ ಬೆನ್ನ ಮೇಲೆ ಚೀಲ ಹೊತ್ತ ಹಮಾಲ ಮೆಟ್ಟಿಲ ನಡುವೆ ಇದ್ದಾನೆ. ರಾಶಿಯ ಪಕ್ಕದಲ್ಲಿ ಕೂಲಿ ಹೆಂಗಸು ಮಗುವಿಗೆ ಹಾಲು ಕುಡಿಸುತ್ತಿದ್ದಾಳೆ. ರಾತ್ರಿಯೆಲ್ಲ ಲಾರಿಯಲ್ಲಿ ಬಂದ ರೈತ ಚೀಲಗಳ ಮೇಲೆ ನಿದ್ದೆ ಹೋಗಿದ್ದಾನೆ. ಇವರಲ್ಲಿ ಯಾರು ನಿಂತರು, ಯಾರು ನಿಲ್ಲಲಿಲ್ಲ ಎಂದು ಎಣಿಸುವ ಕೆಲಸ ಯಾರಿಗೆ ಬೇಕು? ಗೀತೆಗೊಂದು ಹೊತ್ತು, ಒಂದು ಸ್ಥಳ, ಒಂದು ಸಭೆ ಇರಬೇಕು ಎಂದು ಹಿಂದಿನವರು ಹೇಳಿದ್ದು ಇದಕ್ಕೇ.

ಶಾಲೆಯ ವಿಷಯ ಬೇರೆ. ಅದು ಕಲಿಯುವ ಸ್ಥಳ, ಗೌರವವನ್ನೂ ಕಲಿಯಬೇಕು. ಕರ್ನಾಟಕ ಸರಕಾರ 2022ರ ಆಗಸ್ಟಿನಲ್ಲಿ ರಾಜ್ಯದ ಎಲ್ಲ ಶಾಲೆ ಮತ್ತು ಪದವಿಪೂರ್ವ ಕಾಲೇಜುಗಳಲ್ಲಿ ಬೆಳಗಿನ ಸಾಮೂಹಿಕ ರಾಷ್ಟ್ರಗೀತೆಯನ್ನು ಕಡ್ಡಾಯ ಮಾಡಿತು. ಆದರೆ ಮಕ್ಕಳು ದಿನವೂ ನಿಂತು ಹಾಡುವ ಆ ಪದ್ಯದ ಅರ್ಥವನ್ನು ಎಷ್ಟು ಶಾಲೆಗಳಲ್ಲಿ ಬಿಡಿಸಿ ಹೇಳಲಾಗುತ್ತದೆ? ಅದು ಸಂಸ್ಕೃತ ಪದಗಳಿಂದ ತುಂಬಿದ ಬಂಗಾಳಿ. ಠಾಕೂರರು ಬರೆದದ್ದು ಐದು ಪದ್ಯ. ರಾಷ್ಟ್ರಗೀತೆಯಾದದ್ದು ಮೊದಲನೆಯದು ಮಾತ್ರ. 1919ರಲ್ಲಿ ಠಾಕೂರರು ಮದನಪಲ್ಲಿಯಲ್ಲಿ ಉಳಿದಿದ್ದಾಗ ಅದನ್ನು ತಾವೇ ಇಂಗ್ಲಿಷಿಗೆ ಅನುವಾದಿಸಿದರು. ಅದರಲ್ಲಿ ಬರುವ ದ್ರಾವಿಡ ಎಂಬ ಪದದಲ್ಲಿ ಕನ್ನಡ ನಾಡೂ ಸೇರಿದೆ. ಅದರಲ್ಲಿರುವ ಸಿಂಧ್ ಪ್ರಾಂತ್ಯ ಇಂದು ಪಾಕಿಸ್ತಾನದಲ್ಲಿದೆ. ಆ ಪದವನ್ನು ತೆಗೆಯಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2005ರಲ್ಲಿ ತಳ್ಳಿಹಾಕಿತು. ಇಷ್ಟನ್ನು ತಿಳಿದ ಮಗು ನಿಲ್ಲುವ ರೀತಿಯೇ ಬೇರೆಯಾಗುತ್ತದೆ. ತಿಳಿಯದ ಮಗು ನಿಂತಿರುತ್ತದೆ, ಆದರೆ ಅದರ ಕಣ್ಣು ಮೇಷ್ಟ್ರ ಬೆತ್ತದ ಮೇಲಿರುತ್ತದೆ.

ನಾಡಗೀತೆಯ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ಅಧಿಕೃತವಾಗಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿ ಮತ್ತು 2 ನಿಮಿಷ 30 ಸೆಕೆಂಡುಗಳ ಅವಧಿಯನ್ನು ಸರಕಾರ 2022ರಲ್ಲಿ ನಿಗದಿ ಮಾಡಿತು. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಹಾವೇರಿಯಲ್ಲಿ. ಕನ್ನಡದ ಸಭೆಗಳಲ್ಲಿ ನಾಡಗೀತೆಗೆ ಜನ ಏಳುತ್ತಾರೆ. 1971ರ ಕಾಯಿದೆಯ ಮಾತು ರಾಷ್ಟ್ರಗೀತೆಗೆ ಸಂಬಂಧಿಸಿದ್ದು. ನಾಡಗೀತೆಗೆ ಅದರ ಭಯವಿಲ್ಲ. ತಮಿಳುನಾಡಿನಲ್ಲಿ ಇದೇ ಪ್ರಶ್ನೆ ಎದ್ದಿತ್ತು. ತಮಿಳು ತಾಯಿಯ ಸ್ತುತಿಗೀತೆಗೆ ಏಳಲೇಬೇಕೆಂಬ ಕಾನೂನಾಗಲಿ ಆದೇಶವಾಗಲಿ ಇಲ್ಲವೆಂದು ಮದರಾಸು ಹೈಕೋರ್ಟು 2021ರ ಡಿಸೆಂಬರಿನಲ್ಲಿ ಹೇಳಿತು. ಅದೇ ತಿಂಗಳು ಅಲ್ಲಿನ ಸರಕಾರ ಅದನ್ನು ರಾಜ್ಯಗೀತೆಯೆಂದು ಘೋಷಿಸಿ, ಎದ್ದು ನಿಲ್ಲಬೇಕೆಂದು ಆದೇಶಿಸಿತು. ಆದೇಶಕ್ಕಿಂತ ಎಷ್ಟೋ ಮೊದಲೇ ತಮಿಳರು ಆ ಗೀತೆಗೆ ನಿಲ್ಲುತ್ತಿದ್ದರು ಎಂಬುದನ್ನು ಮರೆಯುವಂತಿಲ್ಲ. ಪ್ರೀತಿ ಮೊದಲು ಬಂದಿತು, ಆದೇಶ ಆಮೇಲೆ.

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ಊರು. ಅವರ ಬಗ್ಗೆ ನಾಡಿನ ಮಕ್ಕಳಿಗೆಲ್ಲ ಗೊತ್ತಿರುವ ಕಥೆಯೊಂದಿದೆ. ಯಾರೂ ಕಾಣದ ಕಡೆ ಬಾಳೆಹಣ್ಣು ತಿಂದು ಬನ್ನಿ ಎಂದು ಗುರು ವ್ಯಾಸರಾಯರು ಶಿಷ್ಯರಿಗೆ ಹೇಳಿದರು. ಉಳಿದವರು ಮರೆಯಲ್ಲಿ ತಿಂದು ಬಂದರು. ಕನಕರು ಮಾತ್ರ ಹಣ್ಣನ್ನು ಹಾಗೆಯೇ ತಂದರು. ದೇವರು ಕಾಣದ ಸ್ಥಳ ಅವರಿಗೆ ಎಲ್ಲಿಯೂ ಸಿಗಲಿಲ್ಲ. ಈ ಕಥೆಯ ಅಳತೆಗೋಲನ್ನು ದೇಶಭಕ್ತಿಗೂ ಹಿಡಿಯಬಹುದು. ಸಭೆಯಲ್ಲಿ ಎಲ್ಲರ ಕಣ್ಣೆದುರು ನಿಲ್ಲುವುದು 52 ಸೆಕೆಂಡಿನ ಕೆಲಸ. ಯಾರೂ ಕಾಣದಿದ್ದಾಗ ತೆರಿಗೆ ಸರಿಯಾಗಿ ಕಟ್ಟುವುದು, ತಕ್ಕಡಿಯಲ್ಲಿ ಮೋಸ ಮಾಡದಿರುವುದು, ಸರಕಾರಿ ಕೆರೆಯ ಒತ್ತುವರಿಗೆ ಕೈ ಹಾಕದಿರುವುದು, ಓಟಿಗೆ ನೋಟು ಪಡೆಯದಿರುವುದು ವರ್ಷದ ಉಳಿದೆಲ್ಲ ಹೊತ್ತಿನ ಕೆಲಸ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟವನಿಗೆ, ಕುಳಿತವನತ್ತ ಬೆರಳು ತೋರಿಸುವ ಅಧಿಕಾರ ಎಲ್ಲಿಂದ ಬರಬೇಕು?

ಆದ್ದರಿಂದ ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕು. ಶಕ್ತಿಯಿರುವವರು, ಮನಸ್ಸಿರುವವರು ಸೆಟೆದು ನಿಲ್ಲಲಿ, ದನಿಯಿರುವವರು ಹಾಡಲಿ. ಪಕ್ಕದಲ್ಲಿ ಯಾರಾದರೂ ಕುಳಿತಿದ್ದರೆ ಅವರಿಗೆ ಕಾಲುನೋವಿರಬಹುದು, ಬೇರೆ ನಂಬಿಕೆಯಿರಬಹುದು, ಬರಿಯ ಉದಾಸೀನವೂ ಇರಬಹುದು. ಗೀತೆ ನಡೆಯುವಾಗ ಅವರ ಕಡೆ ತಿರುಗಿ ನೋಡಿದವನು ತಾನೂ ಸಾವಧಾನ ತಪ್ಪಿದಂತೆಯೇ. ಗೀತೆ ಮುಗಿದ ಮೇಲೆ ಮಾತನಾಡಬೇಕೆನಿಸಿದರೆ ಏಕೆ ಸ್ವಾಮಿ, ಹುಷಾರಿಲ್ಲವೇ ಎಂದು ಕೇಳಬಹುದು. ಹಾಗೆ ಕೇಳಿಸಿಕೊಂಡ ಉದಾಸೀನನೊಬ್ಬ ಮುಂದಿನ ಸಲ ತಾನಾಗಿಯೇ ಎದ್ದು ನಿಂತರೂ ನಿಂತಾನು. ಬೈಸಿಕೊಂಡವನು ನಿಂತರೂ ಮನಸ್ಸಿನೊಳಗೆ ಕುಳಿತೇ ಇರುತ್ತಾನೆ.